ಶಂಖ ಟಾಪುವಿನ ಹಲ್ಲಿ

ಪ್ರಿಯಾಂಕ ಕಳಿಸಿದ್ದು ಮೂರೇ ಸಾಲು. ‘ಸಾರ್, ಹದಿನೈದು ದಿನ ಶಂಖ ಟಾಪು ಪೂರ್ತಿ ಹುಡುಕಿದೆ, ನಿಮ್ಮ ಹಲ್ಲಿ ಒಂದೂ ಸಿಗಲಿಲ್ಲ.’ ಅದರ ಕೆಳಗೆ, ‘ಪಕ್ಕದ ಉಲ್ಟಾ ಟಾಪುವಿನಲ್ಲಿ ಮಾತ್ರ ಇದೆ, ಫೋಟೋ ನೋಡಿ.’ ಅದರ ಕೆಳಗೆ, ‘ಭಾನುವಾರ ಶಿರಾದಲ್ಲಿರ್ತೀನಿ, ಆಮೇಲೆ ಫೋನ್ ಮಾಡಲಾ?’ ಶನಿವಾರ ಸಂಜೆ ಬಂದ ಈ ಸಾಲುಗಳನ್ನು ರುದ್ರಮುನಿ ಭಾನುವಾರ ಬೆಳಗಾಗುವುದರೊಳಗೆ ಎಷ್ಟು ಸಲ ಓದಿದ್ದನೆಂದರೆ ಒಂದೊಂದು ಶಬ್ದವೂ ಬೇರೆಯಾಗಿ ಎದ್ದು ನಿಂತು ಅವನನ್ನೇ ನೋಡುತ್ತಿತ್ತು. ‘ನಿಮ್ಮ ಹಲ್ಲಿ’ ಎಂದದ್ದು ಯಾಕೆ? ಎಲ್ಲರೂ ಹಾಗೇ ಅನ್ನುತ್ತಾರೆ, ಆ ಹಲ್ಲಿಯನ್ನು ಲೋಕಕ್ಕೆ ತಿಳಿಸಿದವನು, ಅದಕ್ಕೆ ಲ್ಯಾಟಿನ್ ಹೆಸರಿಟ್ಟವನು ಅವನೇ ತಾನೆ. ಆದರೆ ‘ಉಲ್ಟಾ ಟಾಪುವಿನಲ್ಲಿ ಮಾತ್ರ’ ಎಂಬಲ್ಲಿ ಆ ‘ಮಾತ್ರ’ ಬೇಕಿತ್ತೆ? ಮಧುಗಿರಿಯ ಕಾಲೇಜಿನಲ್ಲಿ ಮೂರು ವರ್ಷ ಮುಂದಿನ ಬೆಂಚಿನಲ್ಲಿ ಕೂತು ಅವನ ಪ್ರಾಣಿಶಾಸ್ತ್ರದ ಪಾಠ ಬರೆದುಕೊಂಡ ಹುಡುಗಿ, ಪಾವಗಡದಾಚೆ ಕ್ಯಾತಗಾನಚೆರ್ಲಿನವಳು, ಅವನು ಹೋಗಿದ್ದ ಅಂಡಮಾನಿನ ದ್ವೀಪಗಳಿಗೇ ಹೋಗುತ್ತೇನೆಂದು ಹಟ ಹಿಡಿದು ಸಂಶೋಧನೆಗೆ ಸೇರಿದವಳು, ಇಷ್ಟು ತೂಗಿ ಬರೆಯುವುದನ್ನು ಎಲ್ಲಿ ಕಲಿತಳು? ತನ್ನಿಂದಲೇ ಕಲಿತಿರಬೇಕು.

ಮೊದಲು ಹೊಳೆದ ಉತ್ತರ ಸುನಾಮಿಯದು. ಎರಡು ಸಾವಿರದ ನಾಲ್ಕರಲ್ಲಿ ಸಮುದ್ರ ಬಂದು ಆ ದ್ವೀಪದ ಮರಗಳನ್ನೆಲ್ಲ ಬಳಿದುಕೊಂಡು ಹೋಗಿರಬಹುದಮ್ಮ, ಹಲ್ಲಿ ಎಲ್ಲಿ ಉಳಿದೀತು, ಎಂದು ಬರೆಯಲು ಬೆರಳು ಹೊರಟಿತ್ತು. ತೆಂಕಣ ದ್ವೀಪಗಳಲ್ಲಿ ನೆಲ ಮುಳುಗಿತ್ತು, ಬಡಗಣದಲ್ಲಿ ಮೇಲೆದ್ದಿತ್ತು ಎಂಬುದು ನೆನಪಾಗಿ ನಿಂತಿತು. ಅವಳಿಗೆ ಅದು ಗೊತ್ತಿರುತ್ತದೆ. ಗೊತ್ತಿದ್ದೇ ತನ್ನ ಬಾಯಿಂದ ಆ ಸುಳ್ಳು ಬರಲಿ ಎಂದು ಕಾಯುತ್ತಿದ್ದರೆ? ಆಮೇಲೆ ಕಣ್ಣು ಮೂರನೆಯ ಸಾಲಿಗೆ ಇಳಿಯಿತು. ಶಿರಾ. ಪಾವಗಡದವಳಿಗೆ ಭಾನುವಾರ ಶಿರಾದಲ್ಲೇನು ಕೆಲಸ? ಶಿರಾ ಎಂದರೆ ರುದ್ರಮುನಿಗೆ ಇಪ್ಪತ್ತೆರಡು ವರ್ಷಗಳಿಂದ ಒಬ್ಬನೇ ಮನುಷ್ಯ. ಆ ಊರಿನ ಮೇಲೆ ಹಾಯುವ ಬಸ್ಸಿನಲ್ಲಿ ಕೂತಾಗಲೆಲ್ಲ ಅವನು ಕಿಟಕಿಯ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದ. ಅಸ್ಲಂ ಬಾಯಿ ಬಿಟ್ಟಿದ್ದಾನೆ. ಇಲ್ಲವಾದರೆ ಈ ಹುಡುಗಿ ತನ್ನ ಕಾಲದಲ್ಲಿ ಅನುಮತಿಯ ಪಟ್ಟಿಯಲ್ಲೇ ಇರದಿದ್ದ ಉಲ್ಟಾ ಟಾಪುವಿನ ಆ ಕಲ್ಲುಗುಡ್ಡೆಗೆ ಯಾಕೆ ಹೋಗುತ್ತಿದ್ದಳು?

‘ಭಾನ್ವಾರ ಸಿರಾಕ್ ಯಾಕ್ರೀ?’ ಎಂದು ಕೇಳಿದಳು ಹೆಂಡತಿ ಕರಿಬಸಮ್ಮ, ಇಡ್ಲಿ ತಟ್ಟೆ ತೆಗೆಯುತ್ತ. ‘ಕಾಲೇಜಿನ ಕೆಲಸ’ ಎಂದ. ‘ಕಾಲೇಜು ರಜ ಅಲ್ವಾ?’ ಎಂದಳು. ಅವಳು ಕೇಳಿದ್ದು ಸುಮ್ಮನೆ. ಆದರೂ ಅವನಿಗೆ ಬೆನ್ನ ಹಿಂದೆ ಯಾರೋ ಬಾಗಿಲ ಚಿಲಕ ಹಾಕಿದಂತೆ ಕೇಳಿಸಿತು. ಚಪ್ಪಲಿ ಮೆಟ್ಟಿದ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಅವನ ಫೋನಿನ ಪರದೆಯ ಕಡೆ ಕಣ್ಣು ಹಾಯಿಸಿದ, ಹಸಿರು ಹಲ್ಲಿಯ ಚಿತ್ರ ನೋಡಿ ಮುಖ ಕಿವಿಚಿ ‘ಇದೇನ್ ಸಾ, ಊಸರವಳ್ಳಿಯಾ?’ ಎಂದ. ‘ಅಲ್ಲ’ ಎಂದು ರುದ್ರಮುನಿ ಪರದೆ ಆರಿಸಿದ. ಹೊರಗೆ ಮಧುಗಿರಿಯ ಏಕಶಿಲೆ ಹಿಂದಕ್ಕೆ ಸರಿಯುತ್ತ, ಅದರ ಹಿಂದೆ ಕೊರಟಗೆರೆ ಕಡೆಯ ಬೆಟ್ಟಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಪ್ರತಿ ವರ್ಷ ಹೊಸ ತರಗತಿಗೆ ಅವನು ಕಿಟಕಿಯ ಬಳಿ ನಿಂತು ಈ ಬೆಟ್ಟಗಳನ್ನು ತೋರಿಸಿ, ‘ಇವೂ ದ್ವೀಪಗಳೇ. ಸುತ್ತ ನೀರಿಲ್ಲ, ಬಯಲಿದೆ ಅಷ್ಟೆ. ಒಂದು ಬೆಟ್ಟದ ಹಲ್ಲಿ ಇನ್ನೊಂದು ಬೆಟ್ಟಕ್ಕೆ ಹೋಗಲಾರದು’ ಎನ್ನುತ್ತಿದ್ದ. ಹುಡುಗರು ಬೆರಗಾಗುತ್ತಿದ್ದರು. ಪ್ರಿಯಾಂಕ ಆ ಮಾತನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದಳು. ಆ ಮಾತು ಅಸ್ಲಮನದು. ಚೆನ್ನೈಯಿಂದ ಹೊರಟ ಹಡಗಿನ ಮೂರನೆಯ ದಿನ, ಕಟಕಟೆಗೆ ಒರಗಿ, ಗಾಳಿಗೆ ಅಂಗಿ ಉಬ್ಬಿಸಿಕೊಂಡು, ‘ನಮ್ ಪಾವಗಡದ್ ಗುಡ್ಡಗಳೂ ಇಂಗೇ ಅಲ್ವಾ ಸಾರ್, ನೀರೊಂದು ಇಲ್ಲ’ ಎಂದಿದ್ದ. ಆಗ ರುದ್ರಮುನಿ ಮೂವತ್ತೈದರವನು, ಆ ಸಮೀಕ್ಷೆಯ ಮುಖ್ಯಸ್ಥ. ಅಸ್ಲಂ ಅವನ ಕೆಳಗೆ ಸಂಶೋಧನೆಗೆ ಸೇರಿದ್ದ ಇಪ್ಪತ್ತೆಂಟರ ಯುವಕ, ಶಿರಾದವನು. ಒಂದೇ ಸೀಮೆಯವರೆಂದು ಹಡಗಿನಲ್ಲಿ ಒಂದೇ ಬುತ್ತಿ ಬಿಚ್ಚುತ್ತಿದ್ದರು. ಅಂಡಮಾನಿನ ಬಡಗಣ ತುದಿಯ ಪುಟ್ಟ ದ್ವೀಪಗಳ ಸಾಲಿನಲ್ಲಿ ಐದಕ್ಕೆ ಅವರಿಗೆ ಅನುಮತಿ ಇತ್ತು. ದೋಣಿಯವರು ಅವುಗಳನ್ನು ತಮ್ಮದೇ ಹೆಸರಿನಿಂದ ಕರೆಯುತ್ತಿದ್ದರು, ದ್ವೀಪಕ್ಕೆ ಟಾಪು ಎನ್ನುತ್ತಿದ್ದರು. ಐದನೆಯದು ಶಂಖ ಟಾಪು. ಅದರಾಚೆ, ಇಳಿತದಲ್ಲಿ ಹವಳದ ದಿಬ್ಬದ ಮೇಲೆ ನಡೆದೇ ಹೋಗಬಹುದಾದಷ್ಟು ಹತ್ತಿರ, ಕವುಚಿ ಹಾಕಿದ ದೋಣಿಯಂಥ ಉಲ್ಟಾ ಟಾಪು. ಅದಕ್ಕೆ ಅನುಮತಿ ಇರಲಿಲ್ಲ.

ನಲವತ್ತು ದಿನ ಅಲೆದು, ಜಿಗಣೆ ಕಡಿಸಿಕೊಂಡು, ಎಲ್ಲರೂ ಆಗಲೇ ಬಲ್ಲ ಹಲ್ಲಿಗಳನ್ನೇ ಹಿಡಿದು ಹಿಡಿದು, ಬರಿಗೈಯಲ್ಲಿ ಹಿಂದಿರುಗಿದರೆ ತನ್ನ ಕತೆ ಮುಗಿಯಿತು ಎಂದು ರುದ್ರಮುನಿಗೆ ಅನ್ನಿಸತೊಡಗಿದ ಮಧ್ಯಾಹ್ನವದು. ‘ಒಂದ್ಸಲ ಹೋಗಿ ನೋಡ್ಕೊಂಡ್ ಬಾ’ ಎಂದು ಅವನೇ ಹೇಳಿದ್ದ. ತಾನು ಹೋಗಲಿಲ್ಲ. ಮರಳಿನ ಮೇಲೆ ಕೂತು, ಅಸ್ಲಂ ಪ್ಯಾಂಟು ಮಡಿಸಿಕೊಂಡು ನೀರಿನಲ್ಲಿ ಚಿಕ್ಕವನಾಗುತ್ತ ಹೋಗುವುದನ್ನು ನೋಡುತ್ತಿದ್ದ. ಎರಡು ಗಂಟೆಯ ಮೇಲೆ ಅಸ್ಲಂ ಬಂದ. ಬಟ್ಟೆಯ ಚೀಲವನ್ನು ಎದೆಗವಚಿಕೊಂಡಿದ್ದ, ಕೇದಗೆಯ ಮುಳ್ಳು ತರಚಿ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ‘ಸಾರ್, ಇದು ಯಾವ್ದೂ ಅಲ್ಲ’ ಎಂದ. ಅಷ್ಟೇ ಹೇಳಲು ಅವನಿಗೆ ಉಸಿರಿತ್ತು. ಆ ಸಂಜೆ ಹಲ್ಲಿಯನ್ನಿಟ್ಟ ಸೀಸೆಯ ಚೀಟಿಯ ಮೇಲೆ ಅಸ್ಲಂ ತನ್ನ ದುಂಡಗಿನ ಅಕ್ಷರದಲ್ಲಿ ದಿನಾಂಕ, ಮರ, ಎತ್ತರ, ದ್ವೀಪದ ಹೆಸರು ಎಲ್ಲ ಬರೆದ. ಇದ್ದದ್ದನ್ನು ಇದ್ದ ಹಾಗೆ. ಬೇಡ ಎನ್ನಲು ರುದ್ರಮುನಿಗೆ ನಾಲಿಗೆ ಬರಲಿಲ್ಲ. ಎರಡು ದಿನದ ಮೇಲೆ ದೋಣಿ ನಿಲ್ಲುವ ಜೆಟ್ಟಿಯಲ್ಲಿ ಕರಾವಳಿ ಕಾವಲಿನವರು ಪೆಟ್ಟಿಗೆ ಬಿಚ್ಚಿಸಿ ಅದೇ ಚೀಟಿಯನ್ನು ಓದಿದರು.

ಬಡವನಹಳ್ಳಿಯಲ್ಲಿ ಜನ ಹತ್ತಿದರು. ಕಂಡಕ್ಟರು ‘ಮುಂದಕ್ ಓಗಿ, ಮುಂದಕ್ ಓಗಿ’ ಎನ್ನುತ್ತಿದ್ದ. ಸಂಚಿ ಹಿಡಿದ ಹೆಂಗಸೊಬ್ಬಳು ರುದ್ರಮುನಿಯ ಮುಖವನ್ನೇ ದಿಟ್ಟಿಸಿದಳು. ನಿವೃತ್ತಿಗೆ ಮೂರು ವರ್ಷ. ಬರುವ ತಿಂಗಳು ಪ್ರಾಂಶುಪಾಲರ ಕುರ್ಚಿ. ಕಾಲೇಜಿನ ಗೋಡೆಯ ಮೇಲೆ ಹಲ್ಲಿಯ ದೊಡ್ಡ ಚಿತ್ರ, ಕೆಳಗೆ ಅವನ ಹೆಸರು. ಅಸ್ಲಮನಿಗೆ ಏನು ಬೇಕಾಗಿರಬಹುದು? ಇಷ್ಟು ವರ್ಷ ಸುಮ್ಮನಿದ್ದವನು ಈಗ ಯಾಕೆ? ಸುಮ್ಮನಿದ್ದದ್ದೇ ಅವನ ಉಪಾಯವಾಗಿರಬಹುದು, ಹಣ್ಣಾಗಲಿ ಎಂದು ಕಾದಿರಬಹುದು. ಹುಡುಗಿ ಅವನ ಅಂಗಡಿ ತಲಪುವ ಮೊದಲು ತಾನು ತಲಪಬೇಕು.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಸುಟ್ಟ ವಾರ್ನಿಷ್ ವಾಸನೆ, ಹೊಸ್ತಿಲ ತನಕ ತಾಮ್ರದ ಚೂರು. ಅಸ್ಲಂ ಕನ್ನಡಕ ಮೂಗಿಗಿಳಿಸಿಕೊಂಡು ಒಂದು ಮೋಟರಿನ ಹೊಟ್ಟೆಯೊಳಗೆ ಎಳೆ ಎಳೆಯಾಗಿ ತಂತಿ ಕೂರಿಸುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ತಲೆಯೆತ್ತಿ, ‘ಬನ್ನಿ ಸಾರ್’ ಎಂದ. ಬೆಚ್ಚಲಿಲ್ಲ. ಯಾಕೆ ಬೆಚ್ಚಲಿಲ್ಲ? ನಿರೀಕ್ಷೆಯಲ್ಲಿದ್ದನೆ?

‘ಇಲ್ಲೇ ಒಂದು ಕೆಲ್ಸ ಇತ್ತು. ಹಾಗೇ ನೋಡ್ಕೊಂಡು ಹೋಗೋಣ ಅಂತ’ ಎಂದ ರುದ್ರಮುನಿ.

‘ಇಪ್ಪತ್ತೆರಡು ವರ್ಸಕ್ಕೆ ಒಂದ್ ಕೆಲ್ಸ ಬಂತು’ ಎಂದು ಅಸ್ಲಂ ನಕ್ಕ. ‘ಆ ಎದುರುಗಡೆ ನಿಂತ್ಕೊಂಡು ಅಂಗಡಿ ಬೋರ್ಡ್ ಓದ್ತಾ ಇದ್ರಲ್ಲ, ಆಗ್ಲೇ ನೋಡ್ದೆ. ಬೋ ಹೊತ್ತು ಓದಿದ್ರಿ. ಕೂತ್ಕೊಳ್ಳಿ.’

ಒಳಗಿನಿಂದ ಮುದುಕಿಯ ದನಿ ಬಂತು. ‘ಕೌನ್ ರೇ ಅಸ್ಲಂ?’

‘ಅಂಡಮಾನ್ ಸಾರ್, ಅಮ್ಮಿ.’

ಗೋಡೆ ಹಿಡಿದುಕೊಂಡು ಬಂದ ಅಮೀರ್ ಬಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ‘ಅಚ್ಚಾ, ನೀವೇನಾ? ನಮ್ ಹುಡುಗುನ್ನ ಅಲ್ಲಿ ಹಿಡ್ಕೊಂಡಾಗ ನೀವು ಬಾಳ ಓಡಾಡಿ ಬಿಡ್ಸಿದ್ರಂತೆ. ಐದ್ ದಿನ ನಂಗೆ ಅನ್ನ ಇಳೀಲಿಲ್ಲ. ನಿಮ್ಗೆ ದುವಾ ಮಾಡ್ದೆ. ಇವತ್ಗೂ ಮಾಡ್ತೀನಿ.’ ಒಳಗೆ ಹೋಗುತ್ತ ‘ಊಟ ಮಾಡ್ಕೊಂಡೇ ಹೋಗ್ಬೇಕು’ ಎಂದಳು.

ರುದ್ರಮುನಿ ಅಸ್ಲಮನ ಮುಖ ನೋಡಿದ. ಇದು ಚುಚ್ಚುಮಾತು, ಮಗನೇ ಹೇಳಿಕೊಟ್ಟಿರಬೇಕು ಎಂದು ತುಟಿಯ ಕೊನೆಯಲ್ಲಿ, ಕಣ್ಣಿನ ಸುತ್ತ ಹುಡುಕಿದ. ಅಲ್ಲಿ ಏನೂ ಇರಲಿಲ್ಲ. ತಂತಿಯ ಎಳೆಯೊಂದು ಸಿಕ್ಕಾಗಿದ್ದಕ್ಕೆ ಹುಬ್ಬು ಗಂಟಾಗಿತ್ತು ಅಷ್ಟೆ. ಏನೂ ಇಲ್ಲದಿರುವುದೇ ಅವನನ್ನು ಇನ್ನೂ ಹೆದರಿಸಿತು.

‘ಯಾರಾದ್ರೂ ಬಂದಿದ್ರಾ ಇಲ್ಲಿಗೆ?’ ಎಂದ. ‘ಒಬ್ಳು ಹುಡುಗಿ. ಪಾವಗಡದ ಕಡೆಯವಳು. ಪ್ರಿಯಾಂಕ ಅಂತ.’

‘ಇಲ್ವಲ್ಲ. ಮೋಟರ್ ಕೊಟ್ಟವ್ರಾ?’

‘ಅಲ್ಲ. ಆ ಹಲ್ಲಿ ವಿಷಯ ಕೇಳ್ಕೊಂಡು ಬರಬಹುದು. ಬಂದ್ರೆ ನೀನು… ನೀವು, ನೆನಪಿಲ್ಲ ಅಂದ್ಬಿಡಿ. ಹಳೇದನ್ನೆಲ್ಲ ಕೆದಕೋದು ಯಾಕೆ.’

ಅಸ್ಲಮನ ಕೈ ನಿಂತಿತು. ‘ಯಾವ ಹಲ್ಲಿ ಸಾರ್?’

ಹೊರಗೆ ಬೀದಿಯಲ್ಲಿ ತಳ್ಳುಗಾಡಿಯವನೊಬ್ಬ ಕೂಗುತ್ತ ಹೋದ. ‘ಅದನ್ನ ಕಾವಲಿನೋರು ಸಮುದ್ರಕ್ಕೆ ಎಸದ್ಬುಟ್ರು ಅಂತ ನೀವೇ ಕಾಗದ ಬರ್ದಿದ್ರಲ್ಲ’ ಎಂದ ಅಸ್ಲಂ. ಹಾಗೆ ಬರೆದದ್ದನ್ನೇ ರುದ್ರಮುನಿ ಮರೆತಿದ್ದ. ಬಸ್ಸಿನಲ್ಲಿ, ಮನೆಯಲ್ಲಿ, ಇಪ್ಪತ್ತೆರಡು ವರ್ಷದ ಎಷ್ಟೋ ಹಗಲುಗಳಲ್ಲಿ ಅವನು ಕಟ್ಟಿಕೊಂಡಿದ್ದ ಅಸ್ಲಂ ಎಲ್ಲವನ್ನೂ ಬಲ್ಲವನು, ಹಲ್ಲು ಕಚ್ಚಿಕೊಂಡು ಕಾಯುವವನು. ಈ ಅಸ್ಲಮನಿಗೆ ಏನೂ ಗೊತ್ತಿರಲಿಲ್ಲ. ಹಲ್ಲಿಗೆ ಹೆಸರಿಟ್ಟ ತನ್ನ ಬರಹ ಪ್ರಕಟವಾದಾಗ ಇವನು ಶಿರಾದ ಈ ಬೀದಿಯಲ್ಲಿ ತಂತಿ ಸುತ್ತುವುದನ್ನು ಕಲಿಯುತ್ತಿದ್ದ. ಯಾರೂ ಬಾಯಿ ಬಿಟ್ಟಿರಲಿಲ್ಲ. ಬಸ್ಸು ಹಿಡಿದು ಬಂದು ಹೇಳಿದವನು ತಾನೇ. ಎದ್ದು ಹೋಗಿಬಿಡಬಹುದು, ಏನೋ ತಪ್ಪು ತಿಳಿದೆ ಎಂದು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ನಡುಗಿತು. ಪ್ರಿಯಾಂಕ. ಕತ್ತರಿಸಲು ಹೋದ ಬೆರಳು ಒತ್ತಬಾರದ್ದನ್ನು ಒತ್ತಿತು.

‘ಸಾರ್, ಡಿಸ್ಟರ್ಬ್ ಮಾಡಿದ್ನಾ? ನಮ್ಮಕ್ಕನ ಮಗೂಗೆ ಹೆಸ್ರಿಡ್ತಾ ಅವ್ರೆ ಇಲ್ಲಿ ಸಿರಾದಲ್ಲಿ, ಬೋ ಗಲಾಟೆ. ನೀವೇ ಹೇಳ್ಬೇಕು ಸಾರ್, ನಾನು ತಪ್ಪಾಗ್ ಹುಡುಕಿದ್ನೇನೋ ಅಂತ ಒಂದೇ ಯೋಚ್ನೆ. ನಿಮ್ ಪೇಪರ್‌ನಾಗೆ ಇರೋದು ತಪ್ಪಿರಾಕಿಲ್ಲ ಅಲ್ವಾ.’

‘ಆಮೇಲೆ ಮಾಡ್ತೀನಮ್ಮ’ ಎಂದು ಅವನು ಇಟ್ಟುಬಿಟ್ಟ. ಮಗುವಿಗೆ ಹೆಸರು. ಅವಳ ಶಿರಾ ಅಷ್ಟೇ ಆಗಿತ್ತು. ಕರೆ ಮುಗಿದ ಪರದೆಯ ಮೇಲೆ ಹಲ್ಲಿಯ ಚಿತ್ರ ಮತ್ತೆ ಬಂದು ಕೂತಿತು.

‘ತೋರ್ಸಿ’ ಎಂದು ಅಸ್ಲಂ ಕೈ ಚಾಚಿದ. ಕರಿ ಹಿಡಿದ ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದ, ಕಣ್ಣಿನ ಹತ್ತಿರ ತಂದ, ದೂರ ಹಿಡಿದ. ‘ಇದೇ. ಗಂಟ್ಲು ಕೆಳಗೆ ನೋಡಿ, ಹಳದಿ. ಇದೇ ಸಾರ್!’ ಅವನ ಮುಖದಲ್ಲಿ ಎದ್ದ ಸಂತೋಷವನ್ನು ರುದ್ರಮುನಿ ನೋಡಲಾರದೆ ನೋಡಿದ. ‘ಅಮ್ಮಿ, ಆವ್ ಇಧರ್, ನಾನ್ ಹಿಡಿದಿದ್ದು ಇನ್ನೂ ಐತೆ!’ ಎಂದು ಒಳಕ್ಕೆ ಕೂಗಿದ. ಬೈದಿದ್ದರೆ ರುದ್ರಮುನಿಗೆ ಅದೇ ಹಗುರವಾಗುತ್ತಿತ್ತು. ಅಸ್ಲಂ ಚಿತ್ರದ ಮೇಲಿನ ಸಾಲುಗಳನ್ನು ಓದತೊಡಗಿದ. ತುಟಿ ಅಲುಗುತ್ತಿತ್ತು. ಎರಡನೆಯ ಸಲ ಓದುವಾಗ ಅಲುಗಲಿಲ್ಲ.

‘ನಿಮ್ಮ ಹಲ್ಲಿ ಅಂತ ಬರ್ದವ್ಳೆ.’

‘ಹೌದು.’

‘ಎಸೀಲಿಲ್ಲ ಹಂಗಾದ್ರೆ.’

‘ಇಲ್ಲ. ನನ್ನ ಕೈಗೇ ಕೊಟ್ರು.’

‘ಹೆಸ್ರು ಏನಿಟ್ರಿ?’

ರುದ್ರಮುನಿ ಹೇಳಿದ. ಲ್ಯಾಟಿನ್ ಹೆಸರಿನ ಎರಡನೆಯ ಪದದಲ್ಲಿ ಶಂಖ ಕೇಳಿಸಿತು. ‘ಶಂಖಾನಾ?’ ಎಂದ ಅಸ್ಲಂ. ‘ಅಲ್ಲಿ ಅದು ಇಲ್ವೇ ಇಲ್ವಲ್ಲ. ಬದ್ಲಾಯಿಸ್ಬೋದಾ?’

‘ಎಲ್ಲಿ ಸಿಕ್ತು ಅನ್ನೋದನ್ನ ತಿದ್ದಬಹುದು. ಇಟ್ಟ ಹೆಸರು ತಪ್ಪಾದ್ರೂ ಹಾಗೇ ಇರ್ತದೆ. ನಿಯಮ ಹಾಗಿದೆ.’

‘ನಾನ್ ಚೀಟಿ ಸರಿಯಾಗೇ ಬರ್ದಿದ್ನಲ್ಲ ಸಾರ್.’

‘ಸರಿಯಾಗೇ ಬರ್ದಿದ್ದೆ.’ ‘ನೀನು ತಪ್ಪು ಬರ್ದಿದೀಯ ಅಂತ ನಾನು ಅವರಿಗೆ ಹೇಳ್ದೆ. ನಾವು ಆ ದ್ವೀಪಕ್ಕೆ ಹೋಗೇ ಇಲ್ಲ, ಇವನು ಯಾಕೆ ಹಾಗೆ ಬರ್ದನೋ ಗೊತ್ತಿಲ್ಲ ಅಂದೆ.’

ದೊಡ್ಡೇರಿಯ ರೈತನೊಬ್ಬ ಬಂದು ‘ಸಾಬ್ರೇ, ಮೋಟ್ರು ಆಯ್ತಾ?’ ಎಂದ. ‘ಸಂಜೆ ಬಾರಣ್ಣ’ ಎಂದ ಅಸ್ಲಂ, ಅವನ ಕಡೆ ನೋಡದೆ. ರೈತ ಹೋದ. ಆಮೇಲೆ ಅಸ್ಲಂ ತನಗೇ ಹೇಳಿಕೊಂಡಂತೆ ಶುರುಮಾಡಿದ. ‘ಐದ್ ದಿನಾನೂ ಅದನ್ನೇ ಕೇಳ್ತಿದ್ರು. ಹೋಗ್ದೇ ಇರೋ ಜಾಗದ್ ಹೆಸ್ರು ಯಾಕ್ ಬರ್ದೆ, ಯಾರಿಗ್ ಬರ್ದೆ, ಇದು ಯಾವ ಗುರುತು, ನಕ್ಷೆ ಯಾರ್ ಕೈಗೆ ಕೊಡ್ತೀಯ ಅಂತ. ಹೋಗಿದ್ದೆ ಸ್ವಾಮಿ ಅಂದ್ರೆ ನಿನ್ ಸಾಹೇಬ್ರೇ ಇಲ್ಲ ಅಂತಾರೆ ಅನ್ನೋರು. ನನ್ನನ್ನ ಹೆದ್ರಿಸಾಕೆ ಸುಳ್ ಹೇಳ್ತವ್ರೆ, ನಮ್ ಸಾರ್ ಹಂಗನ್ನಾಕಿಲ್ಲ ಅಂದ್ಕೊಂಡೆ. ಆಮೇಲೆ ಯೂನಿವರ್ಸಿಟಿಯೋರು ಬ್ಯಾಡ ಅಂದ್ರು. ನನ್ ಹೆಸ್ರು ನೋಡಿ ಇಂಗೆ ಮಾಡಿದ್ರು ಅಂತಾನೇ ತಿಳ್ಕೊಂಡಿದ್ದೆ ಇಷ್ಟ್ ವರ್ಸ. ಮಗ ಕಾಲೇಜ್ ಸೇರ್ತೀನಿ ಅಂದಾಗ್ಲೂ ಅದೇ ಹೇಳ್ದೆ, ನಮ್ ಹೆಸ್ರಿಗೆ ಅಲ್ಲಿ ಜಾಗ ಇಲ್ಲ ಕಣಪ್ಪ, ಅಂಗಡೀಲಿ ಕೂತ್ಕೋ ಅಂತ.’

ಇಲ್ಲಿ ಒಂದು ಬಾಗಿಲು ತೆರೆದಿತ್ತು. ಹೌದಪ್ಪ, ಅವರು ನೋಡಿದ್ದು ಹೆಸರನ್ನೇ, ನಾನು ಏನು ಹೇಳಿದ್ದರೂ ಅಷ್ಟೇ ಆಗುತ್ತಿತ್ತು ಎಂದುಬಿಡಬಹುದು. ಅದು ಪೂರಾ ಸುಳ್ಳೂ ಅಲ್ಲ. ರುದ್ರಮುನಿ ಆ ಬಾಗಿಲ ತನಕ ಹೋದ. ಜೆಟ್ಟಿಯ ಆ ಬಿಸಿಲು, ಕಾವಲಿನವನು ಇಬ್ಬರ ಗುರುತಿನ ಚೀಟಿಗಳನ್ನೂ ಎರಡು ಕೈಯಲ್ಲಿ ಹಿಡಿದು ಒಂದನ್ನು ಕೊಂಚ ಹೆಚ್ಚು ಹೊತ್ತು ನೋಡಿದ್ದು, ಆ ನೋಟವನ್ನು ತಾನು ಕಂಡದ್ದು. ಕಂಡ ಮೇಲೆಯೇ ತನಗೆ ಮಾತು ಬಂದದ್ದು.

‘ಹೆಸರೂ ಇತ್ತು’ ಎಂದ. ‘ಅವರು ನಿನ್ನ ಹೆಸರು ನೋಡಿದ್ದನ್ನ ನಾನು ನೋಡ್ದೆ. ನಿನ್ನ ಮೇಲೆ ಹಾಕಿದ್ರೆ ನಂಬ್ತಾರೆ ಅಂತ ಗೊತ್ತಾಯ್ತು. ಗೊತ್ತಾಗಿಯೇ ಹೇಳ್ದೆ.’

ಅಸ್ಲಂ ಕನ್ನಡಕ ತೆಗೆದ. ಅದನ್ನು ಅಂಗಿಯ ಚುಂಗಿನಿಂದ ಒರೆಸಿದ. ಮಸಿ ಇನ್ನೂ ಹರಡಿತು. ಅಂಥ ಹೊತ್ತಿನಲ್ಲಿ ಮನುಷ್ಯರು ಎದ್ದು ಕಪಾಳಕ್ಕೆ ಹೊಡೆಯುತ್ತಾರೆ ಎಂದು ರುದ್ರಮುನಿ ಕಾದು ಕೂತಿದ್ದ. ಅಸ್ಲಂ ಗಲ್ಲಾಪೆಟ್ಟಿಗೆಯ ಮೇಲಿದ್ದ ಬಿಲ್ ಪುಸ್ತಕವನ್ನೂ ಪೆನ್ನನ್ನೂ ಅವನ ಮುಂದೆ ಇಟ್ಟ.

‘ಬರೀರಿ. ಆ ಹುಡುಗಿಗೆ. ಈಗ ನನ್ ತಾವ ಹೇಳಿದ್ದೆಲ್ಲ.’

ಬರೆಯತೊಡಗಿದ. ಮೂವತ್ತು ವರ್ಷ ಪಾಠ ಮಾಡಿದ ಕೈ, ವಾಕ್ಯಗಳು ತಾವಾಗಿ ಬಂದವು. ‘ಪ್ರಿಯ ಪ್ರಿಯಾಂಕ, ನೀನು ಹುಡುಕಿದ್ದು ಸರಿಯಾಗಿದೆ. ದೀರ್ಘ ಪ್ರಯಾಣದ ದಣಿವಿನಿಂದಲೂ ಜ್ವರದಿಂದಲೂ ನಾನು ಬಳಲಿದ್ದ ಆ ಸಂದರ್ಭದಲ್ಲಿ…’ ಅಸ್ಲಂ ಭುಜದ ಮೇಲಿಂದ ಓದುತ್ತಿದ್ದ.

‘ಜ್ವರ ಇತ್ತಾ ಸಾರ್ ನಿಮ್ಗೆ?’

ಇತ್ತು ಎನ್ನಲು ರುದ್ರಮುನಿ ತಲೆಯೆತ್ತಿದ. ಮೈ ಬಿಸಿಯಾಗಿದ್ದದ್ದು, ಕಂಬಳಿ ಹೊದ್ದದ್ದು, ದೋಣಿಯವನು ಕೊಟ್ಟ ಕರಿ ಚಹಾ ಎಲ್ಲ ನಿಚ್ಚಳವಾಗಿ ಕಂಡವು. ಕಂಬಳಿಯೊಳಗಿದ್ದವನ ಮುಖ ನೋಡಲು ಹೋದರೆ ಅದು ಅಸ್ಲಮನದು. ಮೂರನೆಯ ದ್ವೀಪದಲ್ಲಿ ಮಲಗಿದ್ದವನು ಅಸ್ಲಂ, ಚಹಾ ಕುಡಿಸಿದವನು ತಾನು. ಆ ಚಹಾ ಕುಡಿಸಿದ್ದಂತೂ ನಿಜ, ಅದನ್ನಾದರೂ ಅವನು ನೆನೆಸಿಕೊಳ್ಳಲಿ ಎಂಬ ಆಸೆ ಒಂದು ಕ್ಷಣ ಸುಳಿದು, ಅದಕ್ಕೇ ನಾಚಿಕೆಯಾಯಿತು.

‘ಇಲ್ಲ’ ಎಂದು ಆ ಸಾಲು ಹೊಡೆದುಹಾಕಿದ. ದಣಿವನ್ನೂ ಹೊಡೆದ. ಕೊನೆಗೆ ಹಾಳೆಯಲ್ಲಿ ಆ ಮೊದಲ ಸಾಲಿನ ಕೆಳಗೆ ಉಳಿದದ್ದು ನಾಲ್ಕು ವಾಕ್ಯ. ಹಲ್ಲಿಯನ್ನು ಹಿಡಿದವನು ಶಿರಾದ ಅಸ್ಲಂ. ಹಿಡಿದದ್ದು ಉಲ್ಟಾ ಟಾಪುವಿನಲ್ಲಿ, ಅನುಮತಿಯಿಲ್ಲದೆ, ನಾನು ಕಳಿಸಿದ್ದಕ್ಕೆ. ಚೀಟಿಯನ್ನು ಬದಲಾಯಿಸಿದವನು ನಾನು. ಅವನು ಸುಳ್ಳು ಬರೆದನೆಂದು ಜೆಟ್ಟಿಯಲ್ಲಿ ಹೇಳಿದವನೂ ನಾನು. ಕೆಳಗೆ ಸಹಿ. ಅಸ್ಲಂ ಹಾಳೆ ಹರಿದು ಬೆಳಕಿಗೆ ಹಿಡಿದು ರುದ್ರಮುನಿಯ ಫೋನಿನಿಂದಲೇ ಚಿತ್ರ ತೆಗೆದು ‘ಕಳಿಸ್ಲಾ?’ ಎಂದ. ರುದ್ರಮುನಿ ಹೂಂ ಎಂದು ತಲೆಯಾಡಿಸಿದ. ಆ ಒಂದು ಗಳಿಗೆ ಫೋನು ಕೈಜಾರಿ ಒಡೆಯಲಿ ಎಂದು ಅವನು ಹಾರೈಸಿದ್ದನ್ನು ಯಾರೂ ಕಾಣಲಿಲ್ಲ.

ಸ್ವಲ್ಪ ಹೊತ್ತಿಗೆ ಫೋನು ರಿಂಗಾಯಿತು. ಅಸ್ಲಂ ತಾನೇ ಎತ್ತಿಕೊಂಡ. ‘ನಾನಮ್ಮ, ಅಸ್ಲಂ’ ಎಂದ. ಆ ಕಡೆಯಿಂದ ಹುಡುಗಿಯ ಸಣ್ಣ ದನಿ, ಒಂದು ಪ್ರಶ್ನೆ. ಆಮೇಲೆ ಇನ್ನೊಂದು. ಅಸ್ಲಂ ಮೊದಲು ತಡವರಿಸಿದ. ಮರದ ಎತ್ತರ ಕೇಳಿದಳೆಂದು ತೋರುತ್ತದೆ, ಎದ್ದು ನಿಂತು ಕೈಯೆತ್ತಿ ಗಾಳಿಯಲ್ಲೇ ಅಳೆದ. ಬಿಲ್ಲಿನ ಹಿಂದೆ ಏನೋ ಗೀಚತೊಡಗಿದ. ರುದ್ರಮುನಿ ಬೆಂಚಿನ ತುದಿಯಲ್ಲಿ ಕೂತಿದ್ದ. ತನ್ನನ್ನು ಕೇಳುತ್ತಾಳೆ, ಫೋನು ಕೈಗೆ ಬರುತ್ತದೆ, ಆಗ ಏನು ಹೇಳಲಿ ಎಂದು ಮಾತು ಜೋಡಿಸಿಕೊಳ್ಳುತ್ತಿದ್ದ. ಅವಳು ಕೇಳಲಿಲ್ಲ. ಅಮೀರ್ ಬಿ ಒಳಗಿನಿಂದ ಎರಡು ತಟ್ಟೆ ಹಿಡಿದು ಬಂದಳು. ‘ಬೇಳೆ ಸಾರು, ನಿಮ್ಗಂತ ಬೇರೆ ಪಾತ್ರೇಲಿ ಮಾಡಿದೀನಿ, ಏಳಿ, ಕೈ ತೊಳೀರಿ’ ಎಂದಳು ರುದ್ರಮುನಿಗೆ.

ಅಸ್ಲಂ ಫೋನಿಗೆ ಅಂಗೈ ಮುಚ್ಚಿದ. ‘ಒಂದು ತಟ್ಟೆ ಸಾಕು, ಅಮ್ಮಿ. ಅವ್ರು ಹೊಂಟ್ರು.’

ರುದ್ರಮುನಿ ಎದ್ದ. ಮುದುಕಿ ತಟ್ಟೆ ಹಿಡಿದುಕೊಂಡೇ ಇವನ ಮುಖವನ್ನೂ ಮಗನ ಮುಖವನ್ನೂ ನೋಡುತ್ತಿದ್ದಳು. ನಮಸ್ಕಾರ ಮಾಡಲು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಫೋನು ಬೇಕೆಂದು ಕೇಳಲು ಬಾಯಿ ಬರಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿ ಬಿಸಿಲಿಗೆ ಇಳಿದ. ಮಾತು ಮುಗಿಯುವ ತನಕ ಕಾಯಬೇಕಾಗಿತ್ತು. ಪಕ್ಕದ ಅಂಗಡಿಯ ತಗಡಿನ ನೆರಳಿನಲ್ಲಿ ನಿಂತ. ಅಸ್ಲಮನ ದನಿ ಅಲ್ಲಿಗೂ ಕೇಳುತ್ತಿತ್ತು, ಎಳೆಯದಾಗಿ, ಅವಸರವಾಗಿ. ‘ಇನ್ನೊಂದ್ ಸಲಕ್ಕೆ ದೋಣಿ ಬ್ಯಾಡ, ನೀರು ಪೂರಾ ಇಳೀಲಿ ಕಣಮ್ಮ, ಆಮೇಲ್ ಓಗ್ಬೇಕು. ಮೊಣಕಾಲ್ ತನಕ ಬರ್ತದೆ. ಎಡಕ್ಕೆ ಹವಳ ಚೂಪು, ಬಲಕ್ಕೆ ಹಿಡ್ಕೋ. ಹೆದರ್ಬ್ಯಾಡ, ನಡ್ಕೊಂಡ್ ಓಗ್ಬುಡ್ಬೋದು.’